ಪುಣೆಯಲ್ಲಿ ಸೈಕಲ್ ಸಾಕುವ ಖರ್ಚು: ಗಾಳಿಯಿಂದ ಗುಜರಿಯವರೆಗೆ ಪೂರ್ತಿ ಲೆಕ್ಕ

ಸೈಕಲ್ ಕೊಳ್ಳುವಾಗ ಎಲ್ಲರೂ ಹೇಳುವ ಮಾತು ಒಂದೇ: ಪೆಟ್ರೋಲ್ ಬೇಡ, ಇನ್ಶೂರೆನ್ಸ್ ಬೇಡ, ಖರ್ಚೇ ಇಲ್ಲ. ಅದು ಅರ್ಧ ನಿಜ. ವಾರಕ್ಕೊಮ್ಮೆ ಸೊಸೈಟಿ ಸುತ್ತುವ ಸೈಕಲ್ಲಿಗೆ ಖರ್ಚಿಲ್ಲ, ಒಪ್ಪೋಣ. ದಿನಾ ಕೆಲಸಕ್ಕೆ ಹೋಗುವ ಸೈಕಲ್ಲಿಗೆ ಇದ್ದೇ ಇದೆ. ಟೈರ್ ಸವೆಯುತ್ತದೆ, ಚೈನ್ ಸವೆಯುತ್ತದೆ, ಮಳೆಗಾಲ ಮುಗಿಯುವಷ್ಟರಲ್ಲಿ ಏನೋ ಒಂದು ಕಿರುಗುಟ್ಟಲು ಶುರುವಾಗುತ್ತದೆ.

ಪುಣೆಯಲ್ಲಿ ನಮ್ಮ ಕನ್ನಡದವರು ಎಲ್ಲ ಥರದ ಸೈಕಲ್ ಓಡಿಸುತ್ತಾರೆ. ಹಿಂಜವಡಿಯ ಐಟಿ ಹುಡುಗರ ಹತ್ತಿರ ಹೈಬ್ರಿಡ್ (ರೋಡ್ ಸೈಕಲ್ಲಿಗೂ ದಪ್ಪ ಟೈರಿನದಕ್ಕೂ ನಡುವಿನದು) ಇದೆ. ಹೋಟೆಲ್ ಕೆಲಸದ ಹುಡುಗರ ಹತ್ತಿರ ಇಪ್ಪತ್ತೊಂದು ಗೇರಿನ ದಪ್ಪ ಟೈರಿನ ಸೈಕಲ್. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಸೈಟು, ಸೆಕ್ಯುರಿಟಿ ಕೆಲಸ ಮಾಡುವವರ ಹತ್ತಿರ ಇವತ್ತಿಗೂ ಕರಿ ಸೈಕಲ್ಲೇ. ಈ ಮೂರಕ್ಕೂ ಖರ್ಚಿನ ದಾರಿ ಬೇರೆ ಬೇರೆ. ಎಲ್ಲಕ್ಕಿಂತ ಜಾಸ್ತಿ ದುಡ್ಡು ಉಳಿಸುವುದು ಮಾತ್ರ ಒಂದು ಹಳೇ ಬನಿಯನ್ ಬಟ್ಟೆ. ಹೇಗೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ಬೆಲೆಗಳ ಬಗ್ಗೆ ಮೊದಲೇ ಒಂದು ಮಾತು. ಇಲ್ಲಿ ಕೊಟ್ಟಿರುವುದೆಲ್ಲ ಬೀದಿ ಬದಿಯ ಅಂಗಡಿ ಮತ್ತು ಸಾಧಾರಣ ಸ್ಟೋರಿನ ಅಂದಾಜು. ಕೋಥ್ರುಡ್‌ನಲ್ಲಿ ಒಂದು, ವಾಘೋಲಿಯಲ್ಲಿ ಇನ್ನೊಂದು ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಹಳೇ ಸ್ಟಾಕಿನ ಮೇಲೆ ಹಳೇ ಎಂಆರ್‌ಪಿ ಇದ್ದರೆ ಬಿಲ್ಲಿನಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆ ನೋಡಿ, ಕೇಳಲು ಸಂಕೋಚ ಬೇಡ.

ಹೆಜ್ಜೆ 1: ಕಿಲೋಮೀಟರ್ ಲೆಕ್ಕ ಹಿಡಿಯಿರಿ

"ವರ್ಷಕ್ಕೆ ಎಷ್ಟಾಗುತ್ತೆ?" ಅನ್ನುವ ಪ್ರಶ್ನೆಗೆ ಅರ್ಥವಿಲ್ಲ. ಸೈಕಲ್ಲಿನ ಭಾಗಗಳು ಸವೆಯುವುದು ಕಿಲೋಮೀಟರ್ ನೋಡಿ, ಕ್ಯಾಲೆಂಡರ್ ನೋಡಿ ಅಲ್ಲ. ಮನೆಯಿಂದ ಕೆಲಸಕ್ಕೆ 8 ಕಿ.ಮೀ. ಅಂದುಕೊಳ್ಳಿ. ಹೋಗಿ ಬರಲು 16. ವರ್ಷಕ್ಕೆ 250 ದಿನ ಓಡಿಸಿದರೆ 4,000 ಕಿ.ಮೀ. ಮುಂದಿನ ಎಲ್ಲ ಲೆಕ್ಕವೂ ಇದೇ 4,000ದ ಮೇಲೆ. ನಿಮ್ಮದು ಇದರ ಅರ್ಧ ಇದ್ದರೆ ಖರ್ಚೂ ಹೆಚ್ಚುಕಡಿಮೆ ಅರ್ಧ.

ಇದಕ್ಕೆ ಮೀಟರ್ ಏನೂ ಬೇಡ. ಫೋನಿನ ನಕ್ಷೆಯಲ್ಲಿ ಒಂದು ಸಲ ದೂರ ನೋಡಿಕೊಳ್ಳಿ. ಹೊಸ ಚೈನೋ ಟೈರೋ ಹಾಕಿಸಿದ ದಿನ ತಾರೀಕು ಮತ್ತು ಬೆಲೆ ಬರೆದಿಟ್ಟರೆ ಸಾಕು. ಈ ಒಂದು ಚೀಟಿ ಇಲ್ಲದಿದ್ದರೆ "ಟೈರ್ ಮೊನ್ನೆ ಮೊನ್ನೆ ಹಾಕಿಸಿದ್ದು" ಅಂತ ಅನಿಸುತ್ತಲೇ ಇರುತ್ತದೆ, ಎರಡು ವರ್ಷ ಆಗಿರುತ್ತದೆ.

ಹೆಜ್ಜೆ 2: ಗಾಳಿ

ಅತಿ ಕಡಿಮೆ ಖರ್ಚಿನ ಕೆಲಸ ಇದು. ಜನ ಅತಿ ಜಾಸ್ತಿ ಮರೆಯುವುದೂ ಇದನ್ನೇ. ಪಂಕ್ಚರ್ ಆಗದಿದ್ದರೂ ಟ್ಯೂಬಿನಿಂದ ಗಾಳಿ ನಿಧಾನವಾಗಿ ಇಳಿಯುತ್ತದೆ. ವಾರಕ್ಕೊಮ್ಮೆ ನೋಡಬೇಕು. ಎಷ್ಟು ಹಾಕಬೇಕು ಅನ್ನುವುದು ಟೈರಿನ ಪಕ್ಕದ ಗೋಡೆಯ ಮೇಲೆ ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ನೀವು ದಪ್ಪ ಇದ್ದರೆ ಅಥವಾ ಕ್ಯಾರಿಯರ್ ಮೇಲೆ ಸಾಮಾನು ಹೇರಿದರೆ ಮೇಲಿನ ಅಂಕಿಯ ಹತ್ತಿರ ಇಡಿ.

ಗಾಳಿ ಕಡಿಮೆ ಇದ್ದಾಗ ಗುಂಡಿಗೆ ಬಿದ್ದರೆ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಮೊಳೆಯಿಲ್ಲ, ಮುಳ್ಳಿಲ್ಲ, ಸುಮ್ನೆ ಪಂಕ್ಚರ್. ಪುಣೆಯ ರಸ್ತೆಯಲ್ಲಿ ಗುಂಡಿಗೆ ಬರವಿಲ್ಲ, ಅಲ್ವಾ? ಹಾಗಾಗಿ ನೀವು ಕೊಳ್ಳುವ ಮೊದಲ ಸಾಮಾನು ಮೀಟರ್ ಇರುವ ನಿಂತುಕೊಂಡು ಒತ್ತುವ ಪಂಪ್ ಆಗಿರಲಿ. 700ರಿಂದ 1,500 ರೂಪಾಯಿ ಆಗಬಹುದು.

ಪೆಟ್ರೋಲ್ ಬಂಕಿನಲ್ಲಿ ಹಾಕಿಸಬಹುದಲ್ಲ ಅಂದರೆ, ಹಾಕಿಸಬಹುದು, ಬೈಕಿನ ಥರದ ವಾಲ್ವ್ ಇದ್ದರೆ ಮಾತ್ರ. ಅಲ್ಲಿಯ ಗಾಳಿ ಬಂಡಿಗಳಿಗಾಗಿ ಇರುವುದು, ಸೈಕಲ್ ಟ್ಯೂಬಿಗೆ ಒಂದೆರಡು ಸೆಕೆಂಡ್ ಜಾಸ್ತಿಯಾದರೆ ಢಂ! ಕರಿ ಸೈಕಲ್ಲಿನ ವಾಲ್ವ್ ಬೇರೆ ಥರದ್ದು, ಒಳಗೆ ಒಂದು ಸಣ್ಣ ರಬ್ಬರ್ ನಳಿಕೆ ಇರುತ್ತದೆ. ಅದನ್ನು ವಾಲ್‌ಟ್ಯೂಬ್ ಅನ್ನುತ್ತಾರೆ. ಬಿಸಿಲಿಗೆ ಅದು ಒಣಗಿ ಸೀಳುತ್ತದೆ, ಆಗ ರಾತ್ರಿ ಹಾಕಿದ ಗಾಳಿ ಬೆಳಿಗ್ಗೆ ಇರುವುದಿಲ್ಲ. ಪಂಕ್ಚರ್ ಅಂತ ಟ್ಯೂಬ್ ಬಿಚ್ಚಿಸುವ ಮೊದಲು ಆ ನಳಿಕೆ ಬದಲಿಸಿ ನೋಡಿ. ಅದಕ್ಕೆ ಕೆಲವೇ ರೂಪಾಯಿ.

ಹೆಜ್ಜೆ 3: ಚೈನ್, ಅಂದರೆ ಬನಿಯನ್ ಬಟ್ಟೆಯ ಲೆಕ್ಕ

ಗೇರ್ ಸೈಕಲ್ ಇರುವವರು ಇಲ್ಲಿ ಸ್ವಲ್ಪ ನಿಂತು ಓದಿ.

ಚೈನ್ "ಎಳೆದುಕೊಳ್ಳುತ್ತದೆ" ಅನ್ನುತ್ತಾರೆ. ನಿಜಕ್ಕೂ ಕಬ್ಬಿಣ ಹಿಗ್ಗುವುದಿಲ್ಲ. ಪ್ರತಿ ಕೊಂಡಿಯ ಪಿನ್ನು ಕೂದಲೆಳೆಯಷ್ಟು ಸವೆಯುತ್ತದೆ, ನೂರಕ್ಕೂ ಜಾಸ್ತಿ ಕೊಂಡಿಗಳ ಸವೆತ ಸೇರಿ ಚೈನ್ ಉದ್ದವಾಗುತ್ತದೆ. ಸವೆಸುವುದು ಯಾವುದು? ರಸ್ತೆ ಧೂಳು, ಹಳೇ ಎಣ್ಣೆ ಎರಡೂ ಬೆರೆತ ಕಪ್ಪು ಜಿಡ್ಡು. ಒರಳಿನಲ್ಲಿ ಹಾಕಿ ರುಬ್ಬಿದ ಹಾಗೆ ಅದು ಪಿನ್ನನ್ನು ದಿನಾ ತಿನ್ನುತ್ತದೆ. ಪುಣೆಯಲ್ಲಿ ಎಲ್ಲಿ ನೋಡಿದರೂ ಕಟ್ಟಡ ಕೆಲಸ, ಮೆಟ್ರೋ ಕೆಲಸ, ಸಿಮೆಂಟ್ ಧೂಳು. ಚೈನಿಗೆ ಇದಕ್ಕಿಂತ ಕೆಟ್ಟ ಊಟ ಇಲ್ಲ.

ಅಳೆಯುವುದು ಹೀಗೆ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಪ್ಲಾಸ್ಟಿಕ್ ಸ್ಕೇಲ್ ಬೇಡ, 30 ಸೆಂ.ಮೀ. ಸ್ಟೀಲ್ ಸ್ಕೇಲ್ ತಗೊಳ್ಳಿ. ಪೆಡಲ್ ಮೇಲೆ ಕೈಯಿಂದ ಸ್ವಲ್ಪ ಭಾರ ಹಾಕಿ, ಮೇಲಿನ ಚೈನ್ ಬಿಗಿಯಾಗಲಿ. ಯಾವುದೋ ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಡಿ. ಅದನ್ನು ಬಿಟ್ಟು ಮುಂದೆ ಇಪ್ಪತ್ತು ಪಿನ್ ಎಣಿಸಿ. ಇಪ್ಪತ್ತನೆಯ ಪಿನ್ನಿನ ನಡುಮಧ್ಯ ಎಷ್ಟಕ್ಕೆ ಬಂತು ನೋಡಿ. ಹೊಸ ಚೈನಿನಲ್ಲಿ ಒಂದೊಂದು ಪಿನ್ನಿನ ಅಂತರ ಅರ್ಧ ಇಂಚು, ಹಾಗಾಗಿ ಸರಿಯಾಗಿ 254 ಮಿ.ಮೀ. ಬರಬೇಕು. 255 ಬಂದರೆ ಇನ್ನೂ ಪರವಾಗಿಲ್ಲ. 256 ಬಂದರೆ ಚೈನ್ ಬದಲಿಸುವ ಸಮಯ. 257 ಆಗಿದ್ದರೆ ಆ ಉದ್ದದ ಚೈನ್ ಹಿಂದಿನ ಹಲ್ಲುಗಳನ್ನೂ ತನ್ನ ಹದಕ್ಕೆ ಸವೆಸಿರುತ್ತದೆ, ಹೊಸ ಚೈನ್ ಹಾಕಿದರೆ ಹಲ್ಲು ಹಾರುತ್ತದೆ, ಆದ್ದರಿಂದ ಫ್ರೀವೀಲೂ (ಹಿಂದಿನ ಹಲ್ಲುಚಕ್ರಗಳ ಗುಂಪು) ಹೋಯಿತು ಅಂತಲೇ ಲೆಕ್ಕ. ಈ ಅಂಕಿಗಳು ಹಿಂದೆ 6, 7, 8 ಹಲ್ಲುಚಕ್ರ ಇರುವ ಸೈಕಲ್ಲಿಗೆ. 11, 12 ಇರುವ ದುಬಾರಿ ಸೈಕಲ್ಲಿನಲ್ಲಿ 255 ದಾಟುತ್ತಿದ್ದಂತೆಯೇ ಬದಲಿಸಿ.

ಈಗ ದುಡ್ಡಿಗೆ ಬರೋಣ. ಇಪ್ಪತ್ತೊಂದು ಗೇರಿನ ಸಾಧಾರಣ ಸೈಕಲ್ಲಿಗೆ ಚೈನ್ ಸುಮಾರು 450, ಫ್ರೀವೀಲ್ 650 ರೂಪಾಯಿ. ಮುಂದಿನ ಹಲ್ಲುಗಳನ್ನು ಇಂಥ ಸೈಕಲ್ಲಿನಲ್ಲಿ ಕ್ರ್ಯಾಂಕಿಗೇ, ಅಂದರೆ ಪೆಡಲಿನ ತೋಳಿಗೇ, ರಿವೆಟ್ ಮಾಡಿರುತ್ತಾರೆ, ಒಂದು ಸವೆದರೂ ಇಡೀ ಕ್ರ್ಯಾಂಕ್‌ಸೆಟ್ ಬದಲಿಸಬೇಕು. ಅದು 1,200 ಹಿಡಿಯಿರಿ. ಎರಡು ವರ್ಷ, 8,000 ಕಿ.ಮೀ. ಓಡಿಸಿದರೆ ಮೂರು ದಾರಿಗಳಿವೆ.

ಏನೂ ಮಾಡದೆ ಓಡಿಸಿದರೆ ಕೊನೆಗೆ ಚೈನ್, ಫ್ರೀವೀಲ್, ಕ್ರ್ಯಾಂಕ್‌ಸೆಟ್ ಮೂರೂ ಹೋಗಿ 2,300 ಆಗುತ್ತದೆ. ಜಿಡ್ಡು ಒರೆಸದೆ, ಆದರೆ ತಪ್ಪದೆ 2,000 ಕಿ.ಮೀ.ಗೊಂದು ಚೈನ್ ಬದಲಿಸಿದರೆ ನಾಲ್ಕು ಚೈನು, ಒಂದು ಫ್ರೀವೀಲು ಸೇರಿ 2,450. ನೋಡಿ, ಏನೂ ಮಾಡದವನಿಗಿಂತ 150 ರೂಪಾಯಿ ಜಾಸ್ತಿಯೇ ಆಯಿತು! ಮೂರನೆಯ ದಾರಿ, ಒರೆಸಿ ಎಣ್ಣೆ ಬಿಟ್ಟು ಚೈನನ್ನು 4,000 ಕಿ.ಮೀ.ವರೆಗೆ ಎಳೆಯುವುದು. ಎರಡು ಚೈನು, ಒಂದು ಫ್ರೀವೀಲು ಸೇರಿ 1,550. "ಟೈಮಿಗೆ ಸರಿಯಾಗಿ ಚೈನ್ ಬದಲಿಸಿ, ದುಡ್ಡು ಉಳಿಸಿ" ಅಂತ ಎಲ್ಲರೂ ಬೋಧನೆ ಮಾಡುತ್ತಾರೆ. ಅಗ್ಗದ ಗೇರ್ ಸೈಕಲ್ಲಿನಲ್ಲಿ ಬರೀ ಬದಲಿಸುವುದರಿಂದ ಉಳಿಯುವುದು ಏನೂ ಇಲ್ಲ. ಉಳಿಯುವುದೆಲ್ಲ ಒರೆಸುವುದರಿಂದ.

ಹಾಗಂತ ಏನೂ ಮಾಡದ ದಾರಿ ಹಿಡಿಯಬೇಡಿ. ಸವೆದ ಚೈನ್ ಚಾಂದನಿ ಚೌಕದ ಏರಿನಲ್ಲಿ ನಿಂತು ಪೆಡಲ್ ತುಳಿಯುವಾಗ ಹಲ್ಲು ಹಾರುತ್ತದೆ. ಹಿಂದೆ ಬಸ್ಸು ಇರುತ್ತದೆ. ಆಗ 150 ರೂಪಾಯಿ ನೆನಪಾಗುವುದಿಲ್ಲ.

ಒರೆಸುವ ಕ್ರಮ ಇಷ್ಟೇ. ವಾರಕ್ಕೊಮ್ಮೆ ಬನಿಯನ್ ಬಟ್ಟೆಯಲ್ಲಿ ಕೆಳಗಿನ ಚೈನ್ ಹಿಡಿದು, ಪೆಡಲನ್ನು ಹಿಮ್ಮುಖ ತಿರುಗಿಸಿ. ಬಟ್ಟೆ ಕಪ್ಪಾಗುತ್ತದೆ, ಮಡಚಿ ಮತ್ತೆ ಹಿಡಿಯಿರಿ. ತಿಂಗಳಿಗೊಮ್ಮೆ ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಸ್ವಲ್ಪ ಡೀಸೆಲ್ ಮುಟ್ಟಿಸಿ ಉಜ್ಜಿ, ಒರೆಸಿ, ಒಣಗಲು ಬಿಡಿ. ಆಮೇಲೆ ಪ್ರತಿ ಉರುಳೆಯ ಮೇಲೆ ಒಂದೇ ಒಂದು ಹನಿ ಎಣ್ಣೆ, ಚೈನಿನ ಒಳಮೈಗೆ. ರಾತ್ರಿ ಹಾಕಿ ಬೆಳಿಗ್ಗೆ ಹೊರಮೈಯನ್ನು ಒಣ ಬಟ್ಟೆಯಲ್ಲಿ ಒರೆಸಿಬಿಡಿ. ಎಣ್ಣೆ ಇರಬೇಕಾದ್ದು ಉರುಳೆಯ ಒಳಗೆ. ಹೊರಗೆ ಹೊಳೆಯುವ ಎಣ್ಣೆ ಧೂಳನ್ನು ಕರೆಯುತ್ತದೆ, ಅಷ್ಟೆ.

ಯಾವ ಎಣ್ಣೆ? ಸೈಕಲ್ ಚೈನಿನ ಬಾಟಲಿ 300ರಿಂದ 400 ರೂಪಾಯಿಗೆ ಸಿಗುತ್ತದೆ, ವರ್ಷಪೂರ್ತಿ ಬರುತ್ತದೆ. ಒಣ ಹವೆಗೆ ಬೇರೆ, ಮಳೆಗೆ ಬೇರೆ ಅಂತ ಎರಡು ಥರ ಇರುತ್ತವೆ. ಒಂದೇ ಕೊಳ್ಳುವುದಾದರೆ ಮಳೆಯದು ಕೊಳ್ಳಿ, ಬೇಸಿಗೆಯಲ್ಲಿ ಕಡಿಮೆ ಬಿಡಿ. ಕರಿ ಸೈಕಲ್ಲಿಗೆ ಹೊಲಿಗೆ ಮಷಿನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಬೇಡ. ತುಕ್ಕು ಬಿಡಿಸುವ ಸ್ಪ್ರೇಗಳನ್ನು ಕೆಲವರು ಚೈನಿಗೆ ಹೊಡೆದು ಸುಮ್ಮನಾಗುತ್ತಾರೆ. ಅದು ತೊಳೆಯಲು ಸರಿ, ಎಣ್ಣೆಯ ಕೆಲಸ ಮಾಡುವುದಿಲ್ಲ, ಬೇಗ ಆರಿಹೋಗುತ್ತದೆ. ಡಿಸ್ಕ್ ಬ್ರೇಕ್ ಇದ್ದರಂತೂ ಸ್ಪ್ರೇ ಹತ್ತಿರಕ್ಕೇ ತರಬೇಡಿ. ಡಿಸ್ಕಿಗೆ ಎರಡು ಹನಿ ಹಾರಿದರೂ ಪ್ಯಾಡ್ ಹಾಳು.

ಹೆಜ್ಜೆ 4: ಟೈರ್, ಟ್ಯೂಬ್, ಪಂಕ್ಚರ್

ಹಿಂದಿನ ಟೈರ್ ಮುಂದಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಸವೆಯುತ್ತದೆ. ಭಾರವೂ ಅಲ್ಲೇ, ಎಳೆತವೂ ಅಲ್ಲೇ. ದಪ್ಪ ಟೈರಿನ ಸೈಕಲ್ಲಿಗೆ ಸಾಧಾರಣ ಟೈರ್ 600, ಟ್ಯೂಬ್ 200. ಕರಿ ಸೈಕಲ್ಲಿಗೆ ಟೈರ್ 400, ಟ್ಯೂಬ್ 150. ಹೈಬ್ರಿಡ್‌ಗೆ ವಿದೇಶಿ ಟೈರ್ ಹಾಕಲು ಹೊರಟರೆ ಒಂದಕ್ಕೇ 1,500ಕ್ಕಿಂತ ಮೇಲೆ ಹೋಗುತ್ತದೆ. ಆಫೀಸಿಗೆ ಹೋಗಿ ಬರಲು ಅದು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ವಿಷಯ: ದಪ್ಪ ಗುಬುಟುಗಳ ಟೈರ್ ಡಾಂಬರು ರಸ್ತೆಯಲ್ಲಿ ಬೇಗ ಸವೆಯುತ್ತದೆ, ತುಳಿಯಲೂ ಭಾರ. ಮುಂದಿನ ಸಲ ಬದಲಿಸುವಾಗ ನಡುವೆ ನುಣುಪಾದ ಪಟ್ಟಿ ಇರುವ ಟೈರ್ ಕೇಳಿ. ಬೆಲೆ ಹೆಚ್ಚುಕಡಿಮೆ ಅಷ್ಟೇ.

ಪಂಕ್ಚರಿಗೆ ಅಂಗಡಿಯಲ್ಲಿ 40ರಿಂದ 60 ರೂಪಾಯಿ. ಪ್ಯಾಚ್, ಸಲ್ಯೂಷನ್, ಉಜ್ಜುವ ಕಾಗದ ಇರುವ ಡಬ್ಬಿಗೂ ಹೆಚ್ಚುಕಡಿಮೆ ಅಷ್ಟೇ, ಅದರಲ್ಲಿ ಎಷ್ಟೋ ಪಂಕ್ಚರ್ ಮುಗಿಯುತ್ತವೆ. ಪ್ಯಾಚ್ ಹಾಕುವುದು ಕಷ್ಟವಲ್ಲ. ಟ್ಯೂಬನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಿ, ಜಾಗ ಗುರುತು ಮಾಡಿ, ಒಣಗಿಸಿ, ಉಜ್ಜಿ, ಸಲ್ಯೂಷನ್ ಹಚ್ಚಿ. ಹಚ್ಚಿದ ಕೂಡಲೇ ಪ್ಯಾಚ್ ಅಂಟಿಸಬೇಡಿ. ಬೆರಳಿಗೆ ಅಂಟದಷ್ಟು ಆರಬೇಕು, ಐದು ನಿಮಿಷ ಆಗಬಹುದು. ಆಮೇಲೆ ಪ್ಯಾಚ್ ಇಟ್ಟು ಬಲವಾಗಿ ಒತ್ತಿ. ಮನೆಯಲ್ಲಿ ಹಾಕಿದ ಪ್ಯಾಚ್ ಬಿಟ್ಟುಕೊಂಡಿತು ಅಂದರೆ ಈ ಐದು ನಿಮಿಷ ಕಾಯಲಿಲ್ಲ ಅಂತಲೇ ಅರ್ಥ.

ಮುಖ್ಯ ಕೆಲಸ ಆಮೇಲೆ ಇದೆ: ಪಂಕ್ಚರ್ ಮಾಡಿದ್ದು ಯಾವುದು ಅಂತ ಹುಡುಕುವುದು. ಟ್ಯೂಬಿನ ತೂತು ಟೈರಿನ ಯಾವ ಜಾಗಕ್ಕೆ ಬರುತ್ತದೆ ಅಂತ ವಾಲ್ವಿನಿಂದ ಅಳೆದು ನೋಡಿ. ಟೈರಿನ ಒಳಮೈಗೆ ಹತ್ತಿಯ ತುಂಡು ಸವರಿಕೊಂಡು ಹೋಗಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲೇ ಕಳ್ಳ ಇರುತ್ತಾನೆ. ಬೆರಳು ಸವರಬೇಡಿ, ಕುಯ್ದುಕೊಳ್ಳುತ್ತೀರಿ. ಟೆಕಡಿಯ (ಗುಡ್ಡದ) ಕಾಲುದಾರಿಗಳಲ್ಲಿ ಜಾಲಿಮುಳ್ಳು. ಹೈವೇ ಪಕ್ಕ, ಕಾತ್ರಜ್ ಕಡೆಯ ಮುಂಬಯಿ–ಬೆಂಗಳೂರು ರಸ್ತೆಯ ಅಂಚಿನಲ್ಲಿ, ಒಡೆದ ಲಾರಿ ಟೈರಿನ ಸಣ್ಣ ಉಕ್ಕಿನ ತಂತಿ. ಅರ್ಧ ಸೆಂಟಿಮೀಟರೂ ಇರುವುದಿಲ್ಲ, ಕೂದಲಿಗಿಂತ ಸ್ವಲ್ಪ ದಪ್ಪ, ರಬ್ಬರಿನಲ್ಲಿ ಹೂತು ಹೊರಗಿನಿಂದ ಕಾಣುವುದೇ ಇಲ್ಲ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಸಂಜೆಗೆ ಮತ್ತೆ ಪಂಕ್ಚರ್. "ಟ್ಯೂಬ್ ಖರಾಬ್ ಬಂತು" ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮೊದಲು ಚಿಮುಟ ಹಿಡಿದು ಹುಡುಕಿ.

ಒಂದೇ ಟ್ಯೂಬಿಗೆ ಎಷ್ಟು ಪ್ಯಾಚ್ ಬೇಕಾದರೂ ಹಾಕಬಹುದು. ವಾಲ್ವಿನ ಬುಡದಲ್ಲಿ ಸೀಳಿದರೆ ಮಾತ್ರ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬ್ ಬದಲಿಸಿ.

ಹೆಜ್ಜೆ 5: ಬ್ರೇಕು ಮತ್ತು ಕೇಬಲ್

ಕೇಬಲ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ತುದಿಯಲ್ಲಿ ಎಳೆಗಳು ಬಿಚ್ಚಿಕೊಂಡರೆ, ಇಲ್ಲವೇ ಲಿವರ್ ಬಿಗಿಯಾದರೆ ಬದಲಿಸಿ. ಎಲ್ಲ ಸೇರಿ ವರ್ಷಕ್ಕೆ 300.

ಬ್ರೇಕು ನೀವು ಎಲ್ಲಿ ಓಡಿಸುತ್ತೀರಿ ಅನ್ನುವುದರ ಮೇಲೆ. ಪೇಠಗಳ ಸಪಾಟು ಗಲ್ಲಿಗಳಲ್ಲಿ ಸುತ್ತುವವರಿಗೆ ಪ್ಯಾಡ್ ವರ್ಷ ದಾಟಿ ಬರುತ್ತದೆ. ಭಾನುವಾರ ಸಿಂಹಗಡ, ಬೋಪದೇವ್ ಘಾಟ್ ಅಂತ ಹೋಗುವವರು ಇಳಿಯುವಾಗಲೇ ತಿಂಗಳ ಸವೆತ ಮುಗಿಸಿ ಬರುತ್ತಾರೆ. ಮಳೆಗಾಲದಲ್ಲಿ ಘಾಟ್ ಇಳಿದರೆ ಇನ್ನೂ ಬೇಗ, ಯಾಕೆಂದರೆ ಕೆಸರಿನ ಮರಳು ಪ್ಯಾಡಿಗೂ ರಿಮ್ಮಿಗೂ ನಡುವೆ ಉಜ್ಜುತ್ತದೆ. ಡಿಸ್ಕ್ ಪ್ಯಾಡ್ ಒಂದು ಜೊತೆಗೆ 200 ಅಂತ ಹಿಡಿದು, ಎರಡೂ ಚಕ್ರಕ್ಕೆ ವರ್ಷಕ್ಕೆರಡು ಸಲ ಅಂದರೆ 800.

ರಿಮ್ ಬ್ರೇಕ್ ಇರುವವರು ಪ್ಯಾಡಿನ ಗೀರು ಮಾಯವಾಗುವ ಮೊದಲೇ ಬದಲಿಸಿ. ಗೀರು ಮುಗಿದು ಒಳಗಿನ ಲೋಹ ರಿಮ್ಮಿಗೆ ತಾಗಿದರೆ ರಿಮ್ ಹೋಗುತ್ತದೆ. ರಿಮ್ ಬದಲಿಸುವುದೆಂದರೆ ಕಡ್ಡಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟುವುದು, ಕೂಲಿಯೂ ಸೇರಿ ಸಾವಿರದ ಮಾತು. ವರ್ಷಕ್ಕೊಮ್ಮೆ ರಿಮ್ಮಿನ ಪಕ್ಕಕ್ಕೆ ಆ ಸ್ಟೀಲ್ ಸ್ಕೇಲನ್ನೇ ಇಟ್ಟು ನೋಡಿ. ಮಧ್ಯೆ ಬೆಳಕು ಕಂಡು ಒಳಗೆ ತಗ್ಗಾಗಿದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ.

ಹೆಜ್ಜೆ 6: ಬೇರಿಂಗಿನ ಗುಂಡುಗಳು

ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಟೈರ್ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಹಬ್ (ಚಕ್ರದ ನಡುಭಾಗ) ಸಡಿಲ. ಹಿಂದಿನದಕ್ಕೂ ಹಾಗೇ ಮಾಡಿ. ಪೆಡಲಿನ ಎರಡೂ ತೋಳು ಹಿಡಿದು ಫ್ರೇಮಿನ ಕಡೆಗೆ ಒತ್ತಿ ಎಳೆಯಿರಿ, ಅಲ್ಲಿ ಟಕ್ ಅಂದರೆ ಬಾಟಮ್ ಬ್ರ್ಯಾಕೆಟ್ (ಪೆಡಲ್ ತೋಳುಗಳು ತಿರುಗುವ ಅಚ್ಚಿನ ಜಾಗ) ಸಡಿಲ. ಇಷ್ಟು ನೋಡಲು ಎರಡು ನಿಮಿಷ ಸಾಕು. ಸಡಿಲವಾದದ್ದನ್ನು ಹಾಗೇ ಓಡಿಸಿದರೆ ಗುಂಡು ತಾನು ಉರುಳುವ ದಾರಿಯಲ್ಲಿ ಗುಳಿ ಮಾಡುತ್ತದೆ. ಗುಳಿ ಬಿದ್ದ ಕೋನ್ (ಗುಂಡು ಉರುಳುವ ಲೋಹದ ತುಂಡು) ಮತ್ತೆ ಸರಿಯಾಗುವುದಿಲ್ಲ.

ಬಿಚ್ಚುವಾಗ ಒಂದು ಸಲ ಪಕ್ಕದಲ್ಲಿ ಕೂತು ನೋಡಿ. ನಮ್ಮ ಓಣಿಯ ಸೈಕಲ್ ರಿಪೇರಿ ಕಾಕಾ ಹಳೇ "ಸಕಾಳ್" ಪತ್ರಿಕೆ ಹಾಸಿ, ಹಬ್ ಬಿಚ್ಚಿ, ಗುಂಡುಗಳನ್ನು ಡೀಸೆಲ್ ಇರುವ ಡಬ್ಬಿ ಮುಚ್ಚಳಕ್ಕೆ ಉದುರಿಸುತ್ತಾರೆ. ಗ್ರೀಸ್ ಕರಗಿದ ಮೇಲೆ ಒಂದೊಂದನ್ನೇ ಬೆರಳಿನಲ್ಲಿ ಉರುಳಿಸಿ ಬೆಳಕಿಗೆ ಹಿಡಿಯುತ್ತಾರೆ. ಕನ್ನಡಿಯ ಹಾಗೆ ಹೊಳೆಯದೆ ಮಂಕಾಗಿ ಕಂಡರೆ ಪಕ್ಕಕ್ಕೆ. ಕೋನಿನ ಮೇಲೆ ಉಗುರು ಎಳೆದು ನೋಡುತ್ತಾರೆ, ಉಗುರು ತಡೆದರೆ ಕೋನೂ ಹೊಸದು. ಹಿಂದಿನ ಹಬ್ಬಿಗೆ ಸಾಮಾನ್ಯವಾಗಿ ಕಾಲಿಂಚಿನ ಗುಂಡು, ಒಂದು ಕಡೆಗೆ ಒಂಬತ್ತು. ಒಂದೆರಡು ಮಂಕಾಗಿದ್ದರೂ ಎಲ್ಲವನ್ನೂ ಬದಲಿಸಲು ಹೇಳಿ. ಹಳೆಯದರ ಜೊತೆ ಹೊಸದು ಸೇರಿಸಿದರೆ ಅಳತೆಯ ವ್ಯತ್ಯಾಸಕ್ಕೆ ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ. ಗುಂಡಿಗೆ ದುಡ್ಡೇನೂ ಜಾಸ್ತಿ ಇಲ್ಲ, ಕೂಲಿಯದೇ ಖರ್ಚು. ಮರಾಠಿ ಅಂಗಡಿಯಲ್ಲಿ "ಛರ್ರೆ" ಅಂದರೆ ಸಾಕು, ಗೊತ್ತಾಗುತ್ತದೆ. ವಿಜಯಪುರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಇಡೀ ಸೈಕಲ್ ಬಿಚ್ಚಿ ಗ್ರೀಸ್ ಹಾಕಿ ಜೋಡಿಸುವ ಸರ್ವಿಸಿಗೆ ಬೀದಿ ಅಂಗಡಿಯಲ್ಲಿ ಕರಿ ಸೈಕಲ್ಲಿಗೆ 300, ಗೇರ್ ಸೈಕಲ್ಲಿಗೆ 700ರ ಆಸುಪಾಸು. ಎಸಿ ಶೋರೂಮಿನಲ್ಲಿ ಇದರ ಎರಡು ಪಟ್ಟು ದಾಟಬಹುದು. ಸಸ್ಪೆನ್ಷನ್ ಫೋರ್ಕು, ಹೈಡ್ರಾಲಿಕ್ ಬ್ರೇಕು ಇದ್ದರೆ ಶೋರೂಮಿಗೇ ಹೋಗಿ. ಬಾಕಿ ಎಲ್ಲಕ್ಕೂ ಕಾಕಾನೇ ಸರಿ.

ಹೆಜ್ಜೆ 7: ವರ್ಷಕ್ಕೆ ಎರಡು ತಾರೀಕು

ಮೇ ಕೊನೆಗೆ ಒಂದು, ಖಂಡೇನವಮಿಗೆ ಇನ್ನೊಂದು.

ಮೇ ಕೊನೆಯಲ್ಲಿ, ಮಳೆ ಬರುವ ಮೊದಲು, ಮಡ್‌ಗಾರ್ಡ್ ಹಾಕಿಸಿ. ಗೇರ್ ಸೈಕಲ್ ಮಾರುವಾಗ ಚೆಂದ ಕಾಣಲಿ ಅಂತ ಅದನ್ನೇ ಬಿಟ್ಟಿರುತ್ತಾರೆ. 200ರಿಂದ 400 ಕೊಟ್ಟರೆ ನಿಮ್ಮ ಬೆನ್ನೂ ಉಳಿಯುತ್ತದೆ, ಚೈನಿಗೆ ಎರಚುವ ಕೆಸರೂ ಕಡಿಮೆಯಾಗುತ್ತದೆ. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಕಡಿಮೆ ಇದ್ದರೆ ಆಗಲೇ ಬದಲಿಸಿ. ಮಳೆಯಲ್ಲಿ ನೆನೆದು ಬಂದ ದಿನ ಚೈನ್ ಒರೆಸಿ ಎಣ್ಣೆ ಬಿಡದೆ ಮಲಗಬೇಡಿ, ಬೆಳಿಗ್ಗೆ ಕೆಂಪಾಗಿರುತ್ತದೆ. ತಿಂಗಳಿಗೊಮ್ಮೆ ಸೀಟಿನ ಕಂಬ ಹೊರಗೆ ಎಳೆದು ಸೈಕಲ್ಲನ್ನು ತಲೆಕೆಳಗು ಮಾಡಿ. ಸೀಟಿನ ಕೊಳವೆಯಲ್ಲಿ ಇಳಿದ ನೀರು ಹೊರಗೆ ಬರುತ್ತದೆ, ಇಲ್ಲದಿದ್ದರೆ ಅದು ನೇರ ಬಾಟಮ್ ಬ್ರ್ಯಾಕೆಟ್ಟಿನ ಗುಂಡುಗಳ ಮೇಲೆ ನಿಲ್ಲುತ್ತದೆ. ಕಂಬವನ್ನು ವಾಪಸ್ ಹಾಕುವ ಮೊದಲು ಎಷ್ಟು ಎತ್ತರಕ್ಕಿತ್ತು ಅಂತ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ.

ಪೂರ್ತಿ ಸರ್ವಿಸ್ ಮಾತ್ರ ಮಳೆ ಮುಗಿದ ಮೇಲೆ. ಮಳೆಗೆ ಮುಂಚೆ ಗ್ರೀಸ್ ಹಾಕಿಸಿ ದುಡ್ಡು ಕೊಟ್ಟರೆ ನಾಲ್ಕು ತಿಂಗಳಲ್ಲಿ ಅದು ಕೆಸರಾಗುತ್ತದೆ. ಖಂಡೇನವಮಿಗೆ ಹೇಗೂ ಗಾಡಿ ತೊಳೆದು ಚೆಂಡುಹೂ ಕಟ್ಟುತ್ತೇವಲ್ಲ, ಅದರ ಹಿಂದಿನ ವಾರ ಸರಿಯಾದ ಸಮಯ. ಹಬ್ಬದ ಹಿಂದಿನ ದಿನ ಹೋಗಬೇಡಿ, ಅಂಗಡಿ ಮುಂದೆ ಕ್ಯೂ ಇರುತ್ತದೆ, ಕೆಲಸವೂ ಅವಸರದ್ದು. ತೊಳೆಯುವುದು ಬಕೆಟ್ಟು, ಬಟ್ಟೆಯಲ್ಲಿ. ಬೈಕ್ ವಾಷಿಂಗ್ ಸೆಂಟರಿನ ಪೈಪು ಹಬ್ಬಿನ ಒಳಗೆ ನೀರು ನುಗ್ಗಿಸಿ ಗ್ರೀಸನ್ನು ಹೊರಗೆ ತಳ್ಳುತ್ತದೆ.

ಮುಂಬಯಿ, ಗೋವಾದಲ್ಲಿ ಇರುವವರಿಗೆ ಒಂದು ಸೇರಿಕೆ: ಅಲ್ಲಿ ಮಳೆಯೂ ಪುಣೆಗಿಂತ ಎಷ್ಟೋ ಪಾಲು ಜಾಸ್ತಿ, ಜೊತೆಗೆ ಸಮುದ್ರದ ಉಪ್ಪುಗಾಳಿ. ಓಡಿಸದೆ ನಿಲ್ಲಿಸಿದ ಸೈಕಲ್ಲೂ ತುಕ್ಕು ಹಿಡಿಯುತ್ತದೆ. ಬೋಲ್ಟಿನ ತಲೆ, ಕಡ್ಡಿಯ ನಿಪ್ಪಲ್, ಸೀಟಿನ ಕಂಬ ಇವಕ್ಕೆ ತಿಂಗಳಿಗೊಮ್ಮೆ ಎಣ್ಣೆ ಸವರಿ. ಮಿರಾಮಾರ್ ಮರಳಲ್ಲಿ ಸೈಕಲ್ ಇಳಿಸಿ ಫೋಟೋ ತೆಗೆಸಿಕೊಂಡರೆ ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆಯಿರಿ.

ಹೆಜ್ಜೆ 8: ಈಗ ಕೂಡಿಸಿ

ಗೇರಿರುವ ದಪ್ಪ ಟೈರಿನ ಸೈಕಲ್, ಚೈನ್ ಒರೆಸಿಕೊಂಡು 4,000 ಕಿ.ಮೀ.: ಚೈನ್ 450, ಫ್ರೀವೀಲಿನ ಪಾಲು 325, ಬ್ರೇಕ್ ಪ್ಯಾಡ್ 800, ಟೈರ್ 900 (ಹಿಂದಿನದು ಒಂದು, ಮುಂದಿನದು ಅರ್ಧ), ಎರಡು ಟ್ಯೂಬ್ 400, ಪಂಕ್ಚರ್ 300, ಕೇಬಲ್ 300, ಎಣ್ಣೆ 350, ಸರ್ವಿಸ್ 700. ಒಟ್ಟು 4,525. ಕಿಲೋಮೀಟರಿಗೆ ಒಂದು ರೂಪಾಯಿ ಹದಿಮೂರು ಪೈಸೆ.

ಕರಿ ಸೈಕಲ್, ಅಷ್ಟೇ ದೂರ: ಚೈನಿನ ಪಾಲು 100, ಟೈರ್ 600, ಟ್ಯೂಬ್ 150, ಬ್ರೇಕ್ ರಬ್ಬರ್ 100, ಪಂಕ್ಚರ್ 300, ಎಣ್ಣೆ 60, ಸರ್ವಿಸ್ 300. ಒಟ್ಟು 1,610. ಕಿಲೋಮೀಟರಿಗೆ ನಲವತ್ತು ಪೈಸೆ.

ಸ್ಕೂಟರ್ ಲೀಟರಿಗೆ 50 ಕಿ.ಮೀ. ಕೊಡುತ್ತದೆ ಅಂತಿಟ್ಟುಕೊಂಡರೂ ನೂರು ರೂಪಾಯಿ ದಾಟಿದ ಪೆಟ್ರೋಲಿಗೇ ಕಿಲೋಮೀಟರಿಗೆ ಎರಡು ರೂಪಾಯಿ ಮೀರುತ್ತದೆ. ಸರ್ವಿಸ್, ಟೈರ್, ಇನ್ಶೂರೆನ್ಸ್ ಬೇರೆ.

ನಮ್ಮ ಸೊಸೈಟಿಯ ಗೇಟಿನಲ್ಲಿ ಇಂಡಿ ಕಡೆಯ ಹಿರಿಯರೊಬ್ಬರು ಇದ್ದಾರೆ. ಅವರ ಹತ್ತಿರ ಹಳೇ ಅಟ್ಲಾಸ್. ಕಂಪನಿ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಕಾರ್ಖಾನೆ ನಿಲ್ಲಿಸಿತು. ಪಾರ್ಟು ಸಿಗುತ್ತಾ ಅಂತ ಕೇಳಿದರೆ ನಕ್ಕುಬಿಟ್ಟರು. "ಯಾಕ್ ಸಿಗಂಗಿಲ್ರಿ ಸರ್? ಹೀರೋದ್ದು ಹಾಕಿದ್ರೂ ಕೂಡತೈತಿ, ಯಾವ್ದ್ ಹಾಕಿದ್ರೂ ಕೂಡತೈತಿ. ವರ್ಷಕ್ಕೊಮ್ಮಿ ಟಾಯರ್ ನೋಡಿದ್ರ ಮುಗೀತ್ ನೋಡ್ರಿ." ಅದು ನಿಜ. ಕರಿ ಸೈಕಲ್ಲಿನ ಬಿಡಿಭಾಗಗಳ ಅಳತೆ ಹೆಚ್ಚುಕಡಿಮೆ ಒಂದೇ. ಗೇರ್ ಸೈಕಲ್ಲಿನಲ್ಲಿ ಎಂಟು ಸ್ಪೀಡಿನದು ಹತ್ತಕ್ಕೆ ಕೂರುವುದಿಲ್ಲ, ಈ ಡಿಸ್ಕ್ ಪ್ಯಾಡ್ ಆ ಕ್ಯಾಲಿಪರಿಗೆ ಆಗುವುದಿಲ್ಲ. ಹಾಗಾಗಿ ಸಪಾಟು ರಸ್ತೆಯಲ್ಲಿ ಐದಾರು ಕಿ.ಮೀ. ಹೋಗಿ ಬರುವವರು ಯಾರಾದರೂ ಕೇಳಿದರೆ ಗೇರು, ಸಸ್ಪೆನ್ಷನ್ನು, ಡಿಸ್ಕು ಯಾವುದೂ ಬೇಡ ಅನ್ನುತ್ತೇನೆ. ವಾರ್ಜೆಯಿಂದ ಬಾವಧನ್ ಏರಬೇಕಾದವರ ಕಥೆ ಬೇರೆ, ಅವರಿಗೆ ಗೇರು ಬೇಕೇ ಬೇಕು.

ಗೇರ್ ಸೈಕಲ್ಲಿಗೆ ತಿಂಗಳಿಗೆ 400, ಕರಿ ಸೈಕಲ್ಲಿಗೆ 150 ತೆಗೆದಿಡಿ. ಪಂಪ್, ಅಲೆನ್ ಕೀ ಸೆಟ್, ಟೈರ್ ಲಿವರ್, ಚೈನ್ ಬಿಚ್ಚುವ ಟೂಲ್ ಎಲ್ಲ ಸೇರಿ ಒಂದು ಸಲದ ಖರ್ಚು 2,000. ಪಂಕ್ಚರ್, ಕೇಬಲ್, ಸರ್ವಿಸ್ ನೀವೇ ಮಾಡಿಕೊಂಡರೆ ವರ್ಷಕ್ಕೆ ಏಳೆಂಟು ನೂರು ಉಳಿಯಬಹುದು. ಅಂದರೆ ಟೂಲಿನ ದುಡ್ಡು ವಾಪಸ್ ಬರಲು ಎರಡೂವರೆ, ಮೂರು ವರ್ಷ. ಪಂಪ್ ಒಂದು ಬಿಟ್ಟು ಬಾಕಿಯದನ್ನು ಕೈ ಕೆಲಸ ಇಷ್ಟ ಇದ್ದರೆ ಮಾತ್ರ ಕೊಳ್ಳಿ.

ಅಂಗಡಿಯಲ್ಲಿ

"ಸರ್ವಿಸ್ ಮಾಡಿ" ಅಂತ ಸೈಕಲ್ ಬಿಟ್ಟು ಬರಬೇಡಿ. "ಹಿಂದಿನ ಹಬ್ ಟಕ್ ಅನ್ನುತ್ತೆ, ಚೈನ್ 256 ಆಗಿದೆ, ಮುಂದಿನ ಚಕ್ರದ ಬೆಂಡ್ ತೆಗೀರಿ" ಅಂತ ಹೆಸರು ಹಿಡಿದು ಹೇಳಿ. ಹಾಕುವ ಪಾರ್ಟಿನ ಬೆಲೆ, ಕೂಲಿ ಬೇರೆ ಬೇರೆ ಕೇಳಿ. "ಜುನಾ ಪಾರ್ಟ್ ಪರತ್ ದ್ಯಾ" (ಹಳೇ ಪಾರ್ಟ್ ವಾಪಸ್ ಕೊಡಿ) ಅಂತ ಮೊದಲೇ ಹೇಳಿಬಿಟ್ಟರೆ ಸವೆಯದ ಸಾಮಾನು ಬದಲಾಗುವುದಿಲ್ಲ. ನಾನಾ ಪೇಠಕ್ಕೆ ಹೋಗಿ ಪಾರ್ಟು ನೀವೇ ತಂದು ಕೊಡುವುದೂ ಒಂದು ದಾರಿ. ಆದರೆ ಕಾಕಾನ ಹೊಟ್ಟೆಪಾಡು ಪಾರ್ಟಿನ ಮೇಲಿನ ಹತ್ತಿಪ್ಪತ್ತು ರೂಪಾಯಿಯಲ್ಲೇ ಇರುತ್ತದೆ. ತಂದು ಕೊಟ್ಟರೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಯಾವಾಗ ನಿಲ್ಲಿಸಬೇಕು

ಒಂದೇ ಸಲಕ್ಕೆ ಕೇಳಿದ ರಿಪೇರಿ, ಅದೇ ಸೈಕಲ್ಲನ್ನು ಸೆಕೆಂಡ್‌ಹ್ಯಾಂಡ್ ಮಾರಿದರೆ ಬರುವ ದುಡ್ಡಿನ ಅರ್ಧ ದಾಟಿದರೆ ಯೋಚನೆ ಮಾಡಿ. ಚಕ್ರ, ಚೈನು, ಬ್ರೇಕು ಒಂದೊಂದಾಗಿ ಹೋದರೆ ಬದಲಿಸುತ್ತಾ ಓಡಿಸಬಹುದು. ಫ್ರೇಮು ಹೋದರೆ ಲೆಕ್ಕ ಬದಲಾಗುತ್ತದೆ. ವರ್ಷಕ್ಕೊಮ್ಮೆ ಬೆಸುಗೆಯ ಜಾಗಗಳನ್ನು, ಮುಖ್ಯವಾಗಿ ಪೆಡಲಿನ ಹತ್ತಿರ ಮತ್ತು ಹ್ಯಾಂಡಲಿನ ಕೆಳಗೆ, ಒರೆಸಿ ನೋಡಿ. ಬಣ್ಣದಲ್ಲಿ ಕೂದಲಿನ ಗೆರೆ ಕಂಡರೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅದು ಬಿರುಕು. ಕಬ್ಬಿಣದ ಫ್ರೇಮನ್ನು ಒಳ್ಳೆಯ ವೆಲ್ಡಿಂಗಿನವರು ಬೆಸೆದು ಕೊಡುತ್ತಾರೆ, ಮತ್ತೆ ವರ್ಷಗಟ್ಟಲೆ ಓಡುತ್ತದೆ. ಅಲ್ಯೂಮಿನಿಯಂ ಆದರೆ ಬೆಸೆಯಲು ಕೊಡಬೇಡಿ, ಬೆಸುಗೆಯ ಬಿಸಿಗೆ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಚಕ್ರ, ಸೀಟು, ಪೆಡಲ್, ಬ್ರೇಕ್ ಬಿಚ್ಚಿ ಚೀಲಕ್ಕೆ ಹಾಕಿಟ್ಟುಕೊಳ್ಳಿ. ಎಡ ಪೆಡಲ್ ಬಿಚ್ಚಲು ಉಲ್ಟಾ, ಬಲಕ್ಕೆ ತಿರುಗಿಸಬೇಕು. ಬರೀ ಫ್ರೇಮನ್ನು ಗುಜರಿಯವನಿಗೆ ಕೊಡಿ, ಕಬ್ಬಿಣದ ರೇಟಿಗಲ್ಲ, ಅಲ್ಯೂಮಿನಿಯಂ ರೇಟಿಗೆ.